ಬೆನಗಲ್ ನರಸಿಂಗರಾಯರು

ಶೃಂಗೇರಿಯ ಮಗ್ಗುಲಲ್ಲಿ ಹರಿಯುವ ತುಂಗೆಯೂ ನರಸಿಂಹರಾಜಪುರದ ಸೀಮೆಯನ್ನು ತಣಿಸುವ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ, ನೆರೆರಾಜ್ಯಗಳ ನೆಲವನ್ನು ಮುಟ್ಟಿ ಕೃಷ್ಣೆಯನ್ನು ಸೇರುತ್ತವೆ. ನದಿಗೆ ಗಡಿಯ ಹಂಗಿಲ್ಲ. ಆದರೆ ಅದರ ದಡದಲ್ಲಿ ಬಾಳುವ ಜನರಿಗೆ ಸರ್ಕಾರಗಳು ಬೇರೆ ಬೇರೆ. ಮೇಲಿನವರು ಎಷ್ಟು ನೀರನ್ನು ಬಳಸಬಹುದು? ಕೆಳಗಿನವರ ಹಕ್ಕೇನು? ವ್ಯಾಜ್ಯ ಬಂದರೆ ತೀರ್ಮಾನಿಸುವವರು ಯಾರು? ಇಂತಹ ಪ್ರಶ್ನೆಗಳನ್ನು ನ್ಯಾಯದ ತಕ್ಕಡಿಯಲ್ಲಿ ತೂಗಿದ ಕನ್ನಡನಾಡಿನ ಮಹನೀಯರು ಬೆನಗಲ್ ನರಸಿಂಗರಾಯರು.

ರಾಯರು 1887ರ ಫೆಬ್ರವರಿ 26ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ರಾಘವೇಂದ್ರರಾಯರು ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸಿನಲ್ಲಿಯೂ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿಯೂ ಉನ್ನತ ವ್ಯಾಸಂಗ ಮಾಡಿದರು. ಇಂಡಿಯನ್ ಸಿವಿಲ್ ಸರ್ವಿಸನ್ನು ಸೇರಿ ಬಂಗಾಳ, ಅಸ್ಸಾಮುಗಳಲ್ಲಿ ಸೇವೆ ಸಲ್ಲಿಸಿದರು. ಪ್ರಾಂತಗಳಿಗೆ ಪ್ರತ್ಯೇಕ ಅಧಿಕಾರವನ್ನಿತ್ತ 1935ರ ಶಾಸನಕ್ಕೆ ಹೊಂದುವಂತೆ ದೇಶದ ಹಳೆಯ ಕಾನೂನುಗಳನ್ನು ಪರಿಷ್ಕರಿಸುವ ಹೊಣೆ ಅವರ ಪಾಲಿಗೆ ಬಂತು. ಮುಂದೆ ಅವರು ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶರಾದರು.

ಆಗ ಪಂಜಾಬು ಸಟ್ಲೆಜ್ ನದಿಗೆ ಭಾಕ್ರಾದಲ್ಲಿ ಅಣೆಕಟ್ಟು ಕಟ್ಟಲು ಯೋಜಿಸಿತ್ತು. ನದಿಯ ಕೆಳಗಿದ್ದ ಸಿಂಧ್ ಪ್ರಾಂತವು ತನ್ನ ಕಾಲುವೆಗಳು ಬತ್ತುವುವೆಂದು ಅಂಜಿ ದೂರಿತು. 1941ರಲ್ಲಿ ನೇಮಕವಾದ ವಿಚಾರಣಾ ಆಯೋಗಕ್ಕೆ ರಾಯರೇ ಅಧ್ಯಕ್ಷರು. ನದಿಯ ಮೇಲೆ ಯಾವ ಪ್ರಾಂತಕ್ಕೂ ನಿರಂಕುಶ ಹಕ್ಕಿಲ್ಲ. ಪರಸ್ಪರ ಒಪ್ಪಂದವೇ ಲೇಸು. ಅದು ಸಾಧ್ಯವಾಗದಿದ್ದರೆ ಪ್ರತಿಯೊಂದಕ್ಕೂ ನ್ಯಾಯವಾದ ಪಾಲು ದೊರೆಯಬೇಕು ಎಂದು 1942ರಲ್ಲಿ ಆಯೋಗವು ವರದಿಯಿತ್ತಿತು. ಎರಡು ಪ್ರಾಂತಗಳಿಗೂ ಅದು ತೃಪ್ತಿ ತರಲಿಲ್ಲ. ಆದರೂ ಅದರಲ್ಲಿ ಅಡಗಿದ್ದ ತತ್ತ್ವಕ್ಕೆ ಇಂದಿಗೂ ಬೆಲೆಯುಂಟು.

1946ರಲ್ಲಿ ರಾಯರು ಸಂವಿಧಾನ ರಚನಾ ಸಭೆಯ ಸಲಹೆಗಾರರಾದರು. ಈ ಕೆಲಸಕ್ಕೆ ಅವರು ವೇತನವನ್ನು ಸ್ವೀಕರಿಸಲಿಲ್ಲ. ರಕ್ಷಣೆ, ವಿದೇಶಾಂಗ, ಸಂಪರ್ಕ ಇಷ್ಟನ್ನೇ ಕೇಂದ್ರಕ್ಕೆ ಬಿಡುವ ಯೋಜನೆ ಮೊದಲಿಗೆ ಮುಂದಿತ್ತು. 1947ರಲ್ಲಿ ದೇಶ ವಿಭಜನೆಯಾಯಿತು. ದುರ್ಬಲ ಕೇಂದ್ರವಿದ್ದರೆ ದೇಶದ ಏಕತೆ ಉಳಿಯದು. ಎಲ್ಲವೂ ಕೇಂದ್ರದ ಕೈಸೇರಿದರೆ ಪ್ರಾಂತಗಳ ಸ್ವಾತಂತ್ರ್ಯ ಉಳಿಯದು. ಈ ಎರಡು ಭಯಗಳ ನಡುವೆ ದಾರಿ ಹುಡುಕಬೇಕಾಗಿತ್ತು. ರಾಯರು ಅನ್ಯದೇಶಗಳ ಸಂವಿಧಾನಗಳನ್ನು ಆಳವಾಗಿ ಅಭ್ಯಸಿಸಿ, ಸಭೆಯ ನಿರ್ಣಯಗಳಿಗನುಸಾರವಾಗಿ 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿದರು. ಅನಂತರ ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡುಗಳಿಗೆ ತೆರಳಿ ಅಲ್ಲಿನ ತಜ್ಞರೊಡನೆ ಚರ್ಚಿಸಿದರು. ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯು ಆ ಕರಡನ್ನು ಪರಿಶೀಲಿಸಿ, ತಿದ್ದಿ ಬೆಳೆಸಿತು. ರಾಯರಿಗೆ ಸಲ್ಲಬೇಕಾದ ಗೌರವವನ್ನು ಅಂಬೇಡ್ಕರರು ಸಭೆಯಲ್ಲಿಯೇ ಸಲ್ಲಿಸಿದರು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ಅಧಿಕಾರವನ್ನು ಮೂರು ಪಟ್ಟಿಗಳಾಗಿ ಹಂಚಿತು. ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಉಭಯರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿ 47 ವಿಷಯಗಳು ಆಗ ಇದ್ದವು. ಪಟ್ಟಿಗಳಲ್ಲಿ ಸೇರದ ವಿಷಯಗಳು ಕೇಂದ್ರಕ್ಕೆ ಸಂದವು. ನೀರು, ನೀರಾವರಿಗಳು ರಾಜ್ಯದ ವಿಷಯಗಳಾದವು. ಅಂತರರಾಜ್ಯ ನದಿಗಳ ನಿಯಂತ್ರಣಕ್ಕೂ ವ್ಯಾಜ್ಯಗಳ ತೀರ್ಮಾನಕ್ಕೂ ಕಾನೂನು ಮಾಡುವ ಅಧಿಕಾರ ಸಂಸತ್ತಿಗೆ ದೊರೆಯಿತು.

ಆಮೇಲೆ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದು, 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜ್ಯೂರಿಕ್ ನಗರದಲ್ಲಿ ನಿಧನರಾದರು. ಅವರು ಚುನಾವಣೆಗೆ ನಿಂತವರಲ್ಲ, ಸಭೆಗಳಲ್ಲಿ ಗುಡುಗಿದವರಲ್ಲ, ಮೌನವಾಗಿ ದುಡಿದವರು. ಹಂಚಿಕೊಂಡು ಬಾಳುವುದು ಒಡೆದು ಬಾಳುವುದಲ್ಲ, ಹಂಚಿಕೆ ನ್ಯಾಯವಾಗಿದ್ದರೆ ಒಗ್ಗಟ್ಟು ಬಲಗೊಳ್ಳುತ್ತದೆ ಎಂಬುದೇ ಅವರ ದುಡಿಮೆಯ ಸಾರ.