ಶಸ್ತ್ರವೈದ್ಯ ವಿಲಿಯಂ ಮೇಯೋ: ಕಟ್ಟಿದ್ದನ್ನು ಒಪ್ಪಿಸಿಕೊಟ್ಟ ಬದುಕು

ಮಗನೋ ಮಗಳೋ ಶಸ್ತ್ರಚಿಕಿತ್ಸೆಯಲ್ಲಿ ಉನ್ನತ ಪದವಿ ಪಡೆದು ಮನೆಗೆ ಬಂದಾಗ ಹೆತ್ತವರ ಸಂತೋಷದ ಬೆನ್ನಿಗೇ ಒಂದು ಪ್ರಶ್ನೆಯೂ ಮನೆಯೊಳಗೆ ಕಾಲಿಡುತ್ತದೆ. ಮುಂದೇನು? ಬೇರೊಬ್ಬರ ಆಸ್ಪತ್ರೆಯಲ್ಲಿ ಸಂಬಳಕ್ಕೆ ದುಡಿಯುವುದೇ, ಸಾಲ ಮಾಡಿಯಾದರೂ ಸ್ವಂತ ನರ್ಸಿಂಗ್ ಹೋಮ್ ತೆರೆಯುವುದೇ? ಈ ಪ್ರಶ್ನೆಯನ್ನು ಹೊತ್ತು ಧರ್ಮಗುರುಗಳ ಬಳಿಗೆ ಬರುವ ಕುಟುಂಬಗಳೂ ಇವೆ. ಸ್ವಂತ ವೃತ್ತಿ ನಡೆಸುವುದು ತಪ್ಪಲ್ಲ. ಅದು ಧೈರ್ಯವನ್ನೂ ಶ್ರಮವನ್ನೂ ಬೇಡುವ ಕೆಲಸ. ಆದರೆ ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ವೈದ್ಯನು ಕಟ್ಟಿ ಬೆಳೆಸಿದ ವೃತ್ತಿ ಕೊನೆಗೆ ಯಾರಿಗೆ ಸೇರಿದ್ದು? ಗುಣಪಡಿಸುವ ವಿದ್ಯೆ, ಸಂಪಾದಿಸುವ ವಿದ್ಯೆ ಎರಡೂ ಒಬ್ಬನಲ್ಲೇ ಇದ್ದರೂ ಅವು ಬೇರೆ ಬೇರೆ ವಿದ್ಯೆಗಳೇ ಎಂಬ ವಾದವನ್ನು ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಆರಂಭದಲ್ಲಿಯೇ ಮಂಡಿಸಿದ್ದಾನೆ. ಆ ಎರಡರ ನಡುವಣ ಗೆರೆ ಅಳಿಸಿಹೋಗದಂತೆ ಕಾದುಕೊಂಡ ಒಬ್ಬ ಶಸ್ತ್ರವೈದ್ಯರ ಜೀವನವನ್ನು ಈ ವಾರ ಓದುಗರ ಮುಂದಿಡುತ್ತಿದ್ದೇನೆ. ಅವರು ಅಮೆರಿಕದ ಡಾ. ವಿಲಿಯಂ ಜೇಮ್ಸ್ ಮೇಯೋ.

ವಿಲಿಯಂ ಹುಟ್ಟಿದ್ದು 1861ರ ಜೂನ್ 29ರಂದು, ಮಿನೆಸೋಟ ರಾಜ್ಯದ ಲೆ ಸೂರ್ ಎಂಬ ಊರಿನಲ್ಲಿ. ತಂದೆ ವಿಲಿಯಂ ವೊರಾಲ್ ಮೇಯೋ ಇಂಗ್ಲೆಂಡಿನಿಂದ ವಲಸೆ ಬಂದ ವೈದ್ಯರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಸೈನ್ಯಕ್ಕೆ ಸೇರುವವರ ದೇಹಪರೀಕ್ಷೆ ನಡೆಸುವ ಹುದ್ದೆ ದೊರೆತು ಅವರು ಅದೇ ರಾಜ್ಯದ ರಾಚೆಸ್ಟರ್ ಪಟ್ಟಣಕ್ಕೆ ಬಂದರು. ಮುಂದೆ ಅಲ್ಲಿಯೇ ಸ್ವಂತ ವೃತ್ತಿ ಆರಂಭಿಸಿ ನೆಲೆಯೂರಿದರು. ಅದು ಗೋಧಿ ಬೆಳೆಯುವ ರೈತರ ಸಣ್ಣ ಪಟ್ಟಣ. ಉತ್ತಮವಾದ ಸೂಕ್ಷ್ಮದರ್ಶಕವೊಂದನ್ನು ಕೊಳ್ಳಲು ಮನೆಯನ್ನೇ ಅಡವಿಟ್ಟ ತಂದೆ ಅವರು. ಅವರು ರೋಗಿಗಳ ಮನೆಗೆ ಹೊರಟಾಗ ಕುದುರೆಗಾಡಿಯಲ್ಲಿ ವಿಲಿಯಂ ಮತ್ತು 1865ರಲ್ಲಿ ಜನಿಸಿದ ತಮ್ಮ ಚಾರ್ಲ್ಸ್ ಕೂಡಿರುತ್ತಿದ್ದರು. ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ಈ ಹುಡುಗರು ತಂದೆಯ ಪಕ್ಕದಲ್ಲಿ ನಿಂತು ರೋಗವನ್ನೂ ನೋವನ್ನೂ ಕಣ್ಣಾರೆ ಕಂಡಿದ್ದರು.

1883ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದಿಂದ ವೈದ್ಯಕೀಯ ಪದವಿ ಪಡೆದ ವಿಲಿಯಂ, ದೊಡ್ಡ ನಗರವನ್ನು ಅರಸಿ ಹೋಗದೆ ತಂದೆಯ ವೃತ್ತಿಯಲ್ಲಿ ಜೊತೆಗೂಡಲು ರಾಚೆಸ್ಟರಿಗೆ ಮರಳಿದರು. ಅಲ್ಲಿ ಆಗ ಆಸ್ಪತ್ರೆಯೇ ಇರಲಿಲ್ಲ. ಶಸ್ತ್ರಚಿಕಿತ್ಸೆ ನಡೆಯುತ್ತಿದ್ದುದು ರೈತರ ಮನೆಗಳಲ್ಲಿ, ಅಡುಗೆಮನೆಯ ಮೇಜಿನ ಮೇಲೆ. ಆಸ್ಪತ್ರೆಯೆಂದರೆ ಸಾಯಲು ಹೋಗುವ ಜಾಗ ಎಂಬ ಭಯ ಜನರಲ್ಲಿ ಆಳವಾಗಿ ಬೇರೂರಿದ್ದ ಕಾಲವದು. ಅದೇ ವರ್ಷದ ಆಗಸ್ಟ್ 21ರ ಸಂಜೆ ಭೀಕರ ಸುಂಟರಗಾಳಿಯೊಂದು ಪಟ್ಟಣದ ಉತ್ತರ ಭಾಗವನ್ನು ನೆಲಸಮ ಮಾಡಿತು. ಹಲವರು ಸತ್ತರು, ಗಾಯಗೊಂಡವರು ಇನ್ನೂ ಹೆಚ್ಚು. ನೃತ್ಯಶಾಲೆಯೊಂದನ್ನು ತಾತ್ಕಾಲಿಕ ಆಸ್ಪತ್ರೆಯಾಗಿ ಮಾಡಿಕೊಂಡು ಮೇಯೋ ತಂದೆಮಕ್ಕಳು ಗಾಯಾಳುಗಳ ಆರೈಕೆಗೆ ನಿಂತರು. ಶುಶ್ರೂಷೆಗೆ ಜನ ಸಾಲದಾದಾಗ ಹಿರಿಯ ಮೇಯೋ ಅವರು ಸಂತ ಫ್ರಾನ್ಸಿಸರ ಸಭೆಯ ಧರ್ಮಭಗಿನಿಯರ ಸಹಾಯವನ್ನು ಕೋರಿದರು.

ಈ ಭಗಿನಿಯರು ದಾದಿಯರಲ್ಲ, ಶಾಲಾ ಶಿಕ್ಷಕಿಯರು. ಲೂರ್ದು ಮಾತೆಯ ಹೆಸರಿನಲ್ಲಿ 1877ರಲ್ಲಿ ರಾಚೆಸ್ಟರಿನಲ್ಲಿ ಸ್ಥಾಪನೆಯಾದ ಅವರ ಸಭೆಯ ಸಂಸ್ಥಾಪಕಿ ಲಕ್ಸೆಂಬರ್ಗ್ ಮೂಲದ ಮದರ್ ಆಲ್ಫ್ರೆಡ್ ಮೋಸ್. ಗಾಯಾಳುಗಳೆಲ್ಲ ಮನೆ ಸೇರಿದ ಮೇಲೂ ಆ ತಾಯಿಯ ಮನಸ್ಸು ವಿಶ್ರಮಿಸಲಿಲ್ಲ. ಪಟ್ಟಣಕ್ಕೆ ಶಾಶ್ವತವಾದ ಆಸ್ಪತ್ರೆ ಬೇಕೆಂದು ಅವರು ಹಿರಿಯ ವೈದ್ಯರನ್ನು ಕಂಡರು. ವೈದ್ಯರು ಒಪ್ಪಲಿಲ್ಲ. ಊರು ಚಿಕ್ಕದು, ಆಸ್ಪತ್ರೆಯನ್ನು ಜನ ನಂಬುವುದಿಲ್ಲ, 40,000 ಡಾಲರಾದರೂ ಬೇಕಾದೀತು ಎಂಬುದು ಅವರ ಆಕ್ಷೇಪ. ಕಟ್ಟುವ ಭಾರ ನಮ್ಮದು, ರೋಗಿಗಳನ್ನು ನೋಡಿಕೊಳ್ಳುವ ಹೊಣೆ ನಿಮ್ಮದಾಗಲಿ ಎಂಬುದಷ್ಟೇ ಮದರ್ ಆಲ್ಫ್ರೆಡರ ಬೇಡಿಕೆಯಾಗಿತ್ತು. ಪಾಠ ಹೇಳಿ, ಸಂಗೀತ ಕಲಿಸಿ, ಹೊಲಿಗೆ ಕಸೂತಿ ಮಾಡಿ, ತಮ್ಮ ಹೊಟ್ಟೆಬಟ್ಟೆಯಲ್ಲಿಯೇ ಉಳಿಸಿ ಭಗಿನಿಯರು ವರ್ಷಗಟ್ಟಲೆ ಹಣ ಕೂಡಿಸಿದರು. 1889ರ ಸೆಪ್ಟೆಂಬರ್ 30ರಂದು ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ಕಣ್ಣಿನ ಕ್ಯಾನ್ಸರ್ ಗಡ್ಡೆಯನ್ನು ಚಾರ್ಲ್ಸ್ ತೆಗೆದರು, ವಿಲಿಯಂ ನೆರವಾದರು, ಎಪ್ಪತ್ತು ವರ್ಷದ ತಂದೆ ಅರಿವಳಿಕೆ ನೀಡಿದರು.

ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಮೇಯೋ ಸಹೋದರರ ವೃತ್ತಿ ಖಾಸಗಿಯದು. ಆದರೆ ಅವರು ಕೆಲಸ ಮಾಡಿದ ಆಸ್ಪತ್ರೆ ಅವರದಲ್ಲ, ಧರ್ಮಭಗಿನಿಯರದು. ರೋಗಿಯ ಜಾತಿ, ಮತ, ಹಣಬಲ ನೋಡದೆ ಎಲ್ಲರಿಗೂ ಬಾಗಿಲು ತೆರೆದಿರಬೇಕೆಂಬುದು ಮೊದಲಿನಿಂದಲೂ ಇದ್ದ ನಿಯಮ. ಮೇಯೋ ಮನೆತನದವರು ಕಥೋಲಿಕರೂ ಅಲ್ಲ. ಆ ಪ್ರದೇಶದಲ್ಲಿ ಕಥೋಲಿಕರ ಮೇಲಿನ ದ್ವೇಷ ತೀವ್ರವಾಗಿದ್ದ ದಿನಗಳವು. ಕನ್ಯಾಸ್ತ್ರೀಯರ ಆಸ್ಪತ್ರೆಗೆ ಕಾಲಿಡುವುದಿಲ್ಲವೆಂದವರು ಊರಿನಲ್ಲಿಯೇ ಇದ್ದರು. ಅಂಥವರನ್ನು ಮೆಚ್ಚಿಸಲು ಭಗಿನಿಯರ ಕೈಬಿಟ್ಟಿದ್ದರೆ ಮೇಯೋ ಅವರಿಗೆ ಆಗ ಲಾಭವೇ ಆಗುತ್ತಿತ್ತೇನೋ. ಅವರು ಹಾಗೆ ಮಾಡಲಿಲ್ಲ. ಕೊಟ್ಟ ಮಾತಿಗೆ ಬದ್ಧರಾಗಿ ಸೇಂಟ್ ಮೇರೀಸಿನಲ್ಲಿಯೇ ಉಳಿದರು.

ಆ ನಿಷ್ಠೆಗೆ ಪ್ರತಿಯಾಗಿ ವಿಲಿಯಂ ಅವರಿಗೆ ದೊರೆತ ದೊಡ್ಡ ಆಸರೆ ಸಿಸ್ಟರ್ ಜೋಸೆಫ್ ಡೆಂಪ್ಸಿ. ಶಿಕ್ಷಕಿಯಾಗಿದ್ದ ಇವರು ಆಸ್ಪತ್ರೆಗೆ ಬಂದ ಮೇಲೆ ಶುಶ್ರೂಷೆ ಕಲಿತು, ಶೀಘ್ರದಲ್ಲಿಯೇ ಡಾ. ವಿಲಿಯಂ ಅವರ ಪ್ರಧಾನ ಶಸ್ತ್ರಚಿಕಿತ್ಸಾ ಸಹಾಯಕಿಯಾದರು; 1892ರಿಂದ ಆಸ್ಪತ್ರೆಯ ಆಡಳಿತದ ಹೊಣೆಯನ್ನೂ ಹೊತ್ತರು. ಹೊಟ್ಟೆಯೊಳಗೆ ಕ್ಯಾನ್ಸರ್ ಹರಡಿದ ಕೆಲವು ರೋಗಿಗಳ ಹೊಕ್ಕುಳಲ್ಲಿ ಗಟ್ಟಿಯಾದ ಗಂಟೊಂದು ಕಾಣಿಸುವುದನ್ನು ಮೇಯೋ ಅವರ ಗಮನಕ್ಕೆ ತಂದವರು ಇವರೇ. 1949ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಹ್ಯಾಮಿಲ್ಟನ್ ಬೇಲಿ ತಮ್ಮ ಗ್ರಂಥದಲ್ಲಿ ಆ ಲಕ್ಷಣಕ್ಕೆ ಸಿಸ್ಟರ್ ಜೋಸೆಫರ ಹೆಸರನ್ನಿಟ್ಟರು. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಆ ಹೆಸರಿನಿಂದಲೇ ಅದನ್ನು ಕಲಿಯುತ್ತಾರೆ.

ರಾಚೆಸ್ಟರಿನ ಖ್ಯಾತಿ ಬೆಳೆದುದು ಜಾಹೀರಾತಿನಿಂದಲ್ಲ. ಅಣ್ಣತಮ್ಮಂದಿರಲ್ಲಿ ಒಬ್ಬರು ಊರಿನಲ್ಲಿ ಉಳಿದು ರೋಗಿಗಳನ್ನು ನೋಡಿಕೊಂಡರೆ, ಇನ್ನೊಬ್ಬರು ಅಮೆರಿಕದ ಮತ್ತು ಯೂರೋಪಿನ ಹೆಸರಾಂತ ಶಸ್ತ್ರವೈದ್ಯರ ಕೆಲಸವನ್ನು ನೋಡಿ ಕಲಿಯಲು ಪ್ರವಾಸ ಹೊರಡುತ್ತಿದ್ದರು. ಕ್ರಿಮಿನಾಶಕ ಪದ್ಧತಿಯನ್ನು ಶಿಸ್ತಿನಿಂದ ಪಾಲಿಸಿದ್ದರಿಂದ, ಮೊದಲು ಅಪಾಯಕರವೆನಿಸಿದ್ದ ಹೊಟ್ಟೆಯ ಶಸ್ತ್ರಚಿಕಿತ್ಸೆಗಳು ಅವರ ಕೈಯಲ್ಲಿ ಸುರಕ್ಷಿತವಾದವು. ವಿಲಿಯಂ ಜಠರ, ಪಿತ್ತಕೋಶಗಳ ಶಸ್ತ್ರಚಿಕಿತ್ಸೆಯಲ್ಲಿ ನಿಷ್ಣಾತರೆನಿಸಿದರು. ಈಗ ಅವರ ಕೆಲಸ ನೋಡಲು ಹೊರಗಿನ ವೈದ್ಯರೇ ರಾಚೆಸ್ಟರಿಗೆ ಬರತೊಡಗಿದರು. ಕಲಿತದ್ದನ್ನು ವೃತ್ತಿರಹಸ್ಯವೆಂದು ಬಚ್ಚಿಡದೆ ಬಂದವರಿಗೆಲ್ಲ ತೋರಿಸಿಕೊಟ್ಟದ್ದು ಅವರ ದೊಡ್ಡ ಗುಣ.

ಕೆಲಸ ಹೆಚ್ಚಿದಂತೆ ಅವರು ಒಬ್ಬೊಬ್ಬರಾಗಿ ಇತರ ವೈದ್ಯರನ್ನು ಪಾಲುದಾರರನ್ನಾಗಿ ಸೇರಿಸಿಕೊಂಡರು. 1901ರಲ್ಲಿ ಬಂದ ಡಾ. ಹೆನ್ರಿ ಪ್ಲಮ್ಮರ್ 1907ರಲ್ಲಿ ಹೊಸದೊಂದು ಕ್ರಮವನ್ನು ತಂದರು. ಅದುವರೆಗೆ ಪ್ರತಿ ವೈದ್ಯರೂ ತಮ್ಮ ತಮ್ಮ ಪುಸ್ತಕದಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಇನ್ನು ಮುಂದೆ ಪ್ರತಿ ರೋಗಿಗೂ ಒಂದು ಸಂಖ್ಯೆ, ಒಂದೇ ಕಡತ. ಎಲ್ಲ ವೈದ್ಯರೂ ಬರೆಯುವುದು ಅದರಲ್ಲಿಯೇ. ಇದು ಕೇವಲ ಕಚೇರಿಯ ವ್ಯವಸ್ಥೆಯಂತೆ ಕಂಡರೂ ಇದರ ಹಿಂದೆ ಒಂದು ತತ್ತ್ವವಿತ್ತು. ರೋಗಿಯು ಯಾವೊಬ್ಬ ವೈದ್ಯನ ಸೊತ್ತೂ ಅಲ್ಲ. ಎಲ್ಲರ ಜ್ಞಾನವೂ ಅವನೊಬ್ಬನಿಗಾಗಿ ಕೂಡಿಬರಬೇಕು.

ಹಣದ ವಿಷಯದಲ್ಲಿ ಸಹೋದರರು ನಡೆದುಕೊಂಡ ರೀತಿಯೂ ವಿಶಿಷ್ಟವಾದುದು. ಇಬ್ಬರಿಗೂ ಬ್ಯಾಂಕಿನಲ್ಲಿದ್ದುದು ಒಂದೇ ಖಾತೆ. ಶುಲ್ಕವು ರೋಗಿಯ ಶಕ್ತಿಯನ್ನು ನೋಡಿ ನಿರ್ಧಾರವಾಗುತ್ತಿತ್ತು. ಸಿರಿವಂತರಿಂದ ಹೆಚ್ಚು ಪಡೆದರು, ಇಲ್ಲದವರಿಂದ ಏನನ್ನೂ ಪಡೆಯಲಿಲ್ಲ. ಹಾಗೆಂದು ವಿಲಿಯಂ ಮೇಯೋ ಅವರನ್ನು ಬಡತನದ ವ್ರತ ತೊಟ್ಟ ವಿರಕ್ತರೆಂದು ಚಿತ್ರಿಸುವುದು ಸತ್ಯಕ್ಕೆ ದೂರ. ಅವರು ಧನಿಕರಾದರು, ದೊಡ್ಡ ಮನೆ ಕಟ್ಟಿಸಿದರು. ಆದರೆ ಒಂದು ಕುಟುಂಬದ ಅಗತ್ಯಕ್ಕೆ ಮಿಕ್ಕಿ ಬಂದ ಹಣ ರೋಗಿಗಳಿಂದ ಬಂದದ್ದು, ಆದ್ದರಿಂದ ಅದು ರೋಗಿಗಳ ಹಿತಕ್ಕೇ ಮರಳಬೇಕು ಎಂಬ ನಂಬಿಕೆ ವರ್ಷದಿಂದ ವರ್ಷಕ್ಕೆ ಅವರಲ್ಲಿ ಬಲಿಯಿತು.

1915ರಲ್ಲಿ ಸಹೋದರರು 15 ಲಕ್ಷ ಡಾಲರುಗಳ ನಿಧಿಯಿಂದ ವೈದ್ಯ ಶಿಕ್ಷಣ ಹಾಗೂ ಸಂಶೋಧನೆಗೆ ಪ್ರತಿಷ್ಠಾನವೊಂದನ್ನು ಸ್ಥಾಪಿಸಿ ಮಿನೆಸೋಟ ವಿಶ್ವವಿದ್ಯಾನಿಲಯದೊಡನೆ ಸೇರಿಸಿದರು. ಒಳಿತು ಮಾಡಲು ಹೊರಟವರಿಗೂ ಸಂಶಯದ ಕಾಟ ತಪ್ಪಲಿಲ್ಲ. ವಿಶ್ವವಿದ್ಯಾನಿಲಯದ ಹೆಸರನ್ನು ತಮ್ಮ ಲಾಭಕ್ಕೆ ಬಳಸಿಕೊಳ್ಳುವ ಹುನ್ನಾರವಿದೆಂದು ವೈದ್ಯರಲ್ಲಿಯೇ ಅನೇಕರು ವಿರೋಧಿಸಿದರು. ವಿಷಯ 1917ರಲ್ಲಿ ರಾಜ್ಯದ ಶಾಸನಸಭೆಯವರೆಗೂ ಹೋಯಿತು. ವಿಲಿಯಂ ಸ್ವತಃ ಹೋಗಿ ತಮ್ಮ ಉದ್ದೇಶವನ್ನು ವಿವರಿಸಿದರು.

ಎರಡು ವರ್ಷಗಳ ನಂತರ, 1919ರ ಅಕ್ಟೋಬರ್‌ನಲ್ಲಿ, ಅವರು ಕೊಟ್ಟ ಉತ್ತರ ಮಾತಿನದಲ್ಲ, ಕೃತಿಯದು. ಕಟ್ಟಡ, ಉಪಕರಣ, ಕೂಡಿಟ್ಟ ಬಂಡವಾಳ ಎಲ್ಲವನ್ನೂ ಸಹೋದರರು ಒಂದು ಸಾರ್ವಜನಿಕ ನ್ಯಾಸಕ್ಕೆ ಬರೆದುಕೊಟ್ಟರು. ಅದರ ಆದಾಯದ ಪಾಲು ಯಾವ ವ್ಯಕ್ತಿಗೂ ಲಾಭವಾಗಿ ಸಲ್ಲಕೂಡದೆಂಬುದು ಕರಾರು. ಅಲ್ಲಿಂದ ಮುಂದೆ ಮೇಯೋ ಕ್ಲಿನಿಕ್ಕಿನ ವೈದ್ಯರಿಗೆ ನಿಶ್ಚಿತ ಸಂಬಳ ಮಾತ್ರ. ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿದವರಿಗೆ ಹೆಚ್ಚು ಹಣವೆಂಬ ಆಸೆಯ ಬೇರನ್ನೇ ಹೀಗೆ ಕತ್ತರಿಸಲಾಯಿತು. ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂದು ತೀರ್ಮಾನಿಸುವ ವೈದ್ಯನ ಮನಸ್ಸಿನಲ್ಲಿ ತನ್ನ ಸಂಪಾದನೆಯ ಲೆಕ್ಕ ಸುಳಿಯದಿರುವುದು ರೋಗಿಗೆ ಎಷ್ಟು ದೊಡ್ಡ ರಕ್ಷಣೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಚಾರ್ಲ್ಸರ ಮಗನೂ ಮುಂದೆ ಅಲ್ಲಿಯೇ ಶಸ್ತ್ರವೈದ್ಯನಾದನು. ಆದರೆ ಒಡೆಯನಾಗಿ ಅಲ್ಲ, ಸಂಬಳದ ವೈದ್ಯನಾಗಿ.

1928ರಲ್ಲಿ, ಕೈಯ ಕೌಶಲ ಕುಂದುವ ಮೊದಲೇ, ವಿಲಿಯಂ ಶಸ್ತ್ರಚಿಕಿತ್ಸೆಯಿಂದ ನಿವೃತ್ತರಾದರು. ಇದೂ ಒಂದು ತ್ಯಾಗವೇ. 1938ರಲ್ಲಿ ವಾಸದ ಮನೆಯನ್ನೂ ಪ್ರತಿಷ್ಠಾನಕ್ಕೆ ಬಿಟ್ಟುಕೊಟ್ಟರು. ಮರುವರ್ಷ ಆ ಹಳೆಯ ಬಳಗಕ್ಕೆ ಕೊನೆಯ ಕರೆ ಬಂತು. 1939ರ ಮಾರ್ಚ್‌ನಲ್ಲಿ ಸಿಸ್ಟರ್ ಜೋಸೆಫ್, ಮೇ ತಿಂಗಳಲ್ಲಿ ಚಾರ್ಲ್ಸ್, ಜುಲೈ 28ರಂದು ವಿಲಿಯಂ ತೀರಿಕೊಂಡರು. ಅಸಂಖ್ಯ ರೋಗಿಗಳ ಜಠರಕ್ಕೆ ಚಿಕಿತ್ಸೆ ಮಾಡಿದ ಆ ವೈದ್ಯರ ಪ್ರಾಣವನ್ನು ತೆಗೆದುದು ಜಠರದ ಕ್ಯಾನ್ಸರ್. ಭಗಿನಿಯರ ಸೇಂಟ್ ಮೇರೀಸ್ ಆಸ್ಪತ್ರೆ 1986ರಲ್ಲಿ ಕ್ಲಿನಿಕ್ಕಿನ ಆಡಳಿತದೊಡನೆ ಒಂದಾಯಿತು. ಒಡೆಯರಿಲ್ಲದ ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ.

ನಮ್ಮ ಮಕ್ಕಳೆಲ್ಲ ಮೇಯೋ ಸಹೋದರರಂತೆ ಸಕಲವನ್ನೂ ಬರೆದುಕೊಡಬೇಕೆಂದು ಹೇಳುವುದು ನನ್ನ ಉದ್ದೇಶವಲ್ಲ. ನರ್ಸಿಂಗ್ ಹೋಮಿನ ಸಾಲ ತೀರಬೇಕು, ದಾದಿಯರಿಗೆ ಸಂಬಳ ಸಿಗಬೇಕು, ಮನೆಮಂದಿ ಬದುಕಬೇಕು. ಆದರೆ ಫಲಕಕ್ಕೆ ಹೆಸರು ಬರೆಸುವ ಮೊದಲು ತಂದೆ, ತಾಯಿ, ಮಕ್ಕಳು ಒಟ್ಟಿಗೆ ಕುಳಿತು ಮಾತಾಡಿಕೊಳ್ಳಬೇಕಾದ ವಿಷಯಗಳು ಕೆಲವಿವೆ. ಹಣವಿಲ್ಲದೆ ಬಂದ ರೋಗಿಯನ್ನು ಏನು ಮಾಡುವುದು? ಅನಗತ್ಯವೆಂದು ಮನಸ್ಸು ಹೇಳುವ ಶಸ್ತ್ರಚಿಕಿತ್ಸೆಗೆ ಸಾಲದ ಕಂತು ಒತ್ತಾಯಿಸಿದರೆ ಏನು ಮಾಡುವುದು? ಕಲಿತ ವಿದ್ಯೆಯನ್ನು ಕಿರಿಯರಿಗೆ ಧಾರೆಯೆರೆಯುವುದು ಹೇಗೆ? ಈ ಮಾತುಗಳನ್ನು ಬ್ಯಾಂಕಿನ ಅರ್ಜಿಗೆ ಸಹಿ ಹಾಕುವ ಮೊದಲೇ ಆಡಿ ಮುಗಿಸುವುದು ಲೇಸು. ಆಮೇಲೆ ಆಡಲು ಬಿಡುವೂ ಸಿಗದು, ಧೈರ್ಯವೂ ಬಾರದು.