ಸಂತ ಅಂತೋಣಿಯವರ ಕೈಯ ಪುಸ್ತಕ



ಲಿಲ್ಲಿ ಹೂವನ್ನು ಹಿಡಿದು, ಬಾಲಯೇಸುವನ್ನು ಎತ್ತಿಕೊಂಡ ಸ್ವರೂಪವನ್ನು ಕಂಡು, ಇವರು ಸಂತ ಜೋಸೆಫರೋ ಸಂತ ಅಂತೋಣಿಯವರೋ ಎಂದು ಮಕ್ಕಳು ನಮ್ಮನ್ನು ಕೇಳುವುದುಂಟು. ಜೋಸೆಫರಿಗೆ ಗಡ್ಡವಿರುತ್ತದೆ; ಹಲವೆಡೆ ಬಡಗಿಯ ಉಪಕರಣಗಳೂ ಇರುತ್ತವೆ. ಅಂತೋಣಿಯವರು ಗಡ್ಡವಿಲ್ಲದ ತರುಣರು. ನೆತ್ತಿ ಬೋಳು, ಕಂದು ನಿಲುವಂಗಿ, ನಡುವಿಗೆ ಮೂರು ಗಂಟುಗಳ ಹಗ್ಗ. ಬಡತನ, ಬ್ರಹ್ಮಚರ್ಯ, ವಿಧೇಯತೆಗಳೆಂಬ ಮೂರು ವ್ರತಗಳನ್ನು ಆ ಗಂಟುಗಳು ಸೂಚಿಸುತ್ತವೆ. ನಾವು ಹೆಚ್ಚಾಗಿ ಗಮನಿಸದ ಇನ್ನೊಂದು ಗುರುತು ಪುಸ್ತಕ. ಹೂವಿಗಿಂತಲೂ ಬಾಲಯೇಸುವಿಗಿಂತಲೂ ಮೊದಲೇ ಚಿತ್ರಕಾರರು ಅವರ ಕೈಗೆ ಕೊಟ್ಟದ್ದು ಇದನ್ನೇ. ಅದರ ಕಾರಣವನ್ನು ಅವರ ಜೀವಿತದಲ್ಲಿ ಕಾಣಬಹುದು.

1195ರ ಸುಮಾರಿಗೆ ಲಿಸ್ಬನ್ ನಗರದಲ್ಲಿ ಜನಿಸಿದ ಅವರ ಮೊದಲ ಹೆಸರು ಫೆರ್ನಾಂದೊ. ಸಂತ ಅಗಸ್ಟೀನರ ಸಭೆಯನ್ನು ಸೇರಿ, ಕೊಯಿಂಬ್ರಾದ ಮಠದಲ್ಲಿ ಪವಿತ್ರಗ್ರಂಥವನ್ನು ಆಳವಾಗಿ ಅಭ್ಯಸಿಸಿದರು. ಮೊರಾಕೊದಲ್ಲಿ ಪ್ರಾಣತೆತ್ತ ಐವರು ಫ್ರಾನ್ಸಿಸ್ಕನ್ ರಕ್ತಸಾಕ್ಷಿಗಳ ಅವಶೇಷಗಳನ್ನು ಕಂಡು ಮನಮಿಡಿದು, 1220ರಲ್ಲಿ ಅವರ ಸಭೆಯನ್ನೇ ಸೇರಿ, ಅಂತೋಣಿ ಎಂಬ ಹೆಸರನ್ನು ಧರಿಸಿ ಮೊರಾಕೊಗೆ ಹೊರಟರು. ಆದರೆ ಕಾಯಿಲೆ ಅವರನ್ನು ಹಿಂದಿರುಗಿಸಿತು. ಬಿರುಗಾಳಿ ಹಡಗನ್ನು ಸಿಸಿಲಿಗೆ ತಳ್ಳಿತು. ಇಟಲಿಯ ಆಶ್ರಮವೊಂದರಲ್ಲಿ ಅಜ್ಞಾತರಾಗಿದ್ದ ಅವರು, ಫೊರ್ಲಿ ಎಂಬಲ್ಲಿ ಹಿರಿಯರ ಅಪ್ಪಣೆಯಂತೆ ಪೂರ್ವಸಿದ್ಧತೆಯಿಲ್ಲದೆ ಬೋಧಿಸಿದಾಗ ಎಲ್ಲರೂ ಬೆರಗಾದರು. ಮುಂದೆ ಸಂತ ಫ್ರಾನ್ಸಿಸರೇ ಅವರನ್ನು ಸಹೋದರರಿಗೆ ದೈವಶಾಸ್ತ್ರ ಕಲಿಸಲು ನೇಮಿಸಿದರು.

1231ರ ತಪಸ್ಸುಕಾಲದಲ್ಲಿ ಅವರು ಪಾದುವಾ ನಗರದಲ್ಲಿ ಬಡ್ಡಿಕೋರರ ವಿರುದ್ಧ ಬೋಧಿಸಿದರು. ಅವರ ಕೋರಿಕೆಯ ಮೇರೆಗೆ, ಸಾಲ ತೀರಿಸಲಾಗದೆ ತನ್ನ ಆಸ್ತಿಯನ್ನು ಒಪ್ಪಿಸಿದವನನ್ನು ಸೆರೆಯಲ್ಲಿಡಬಾರದೆಂದು ಆ ನಗರವು ಮಾರ್ಚ್ 15ರಂದು ಶಾಸನ ಮಾಡಿತು. ಜೂನ್ 13ರಂದು, ನಲವತ್ತು ತುಂಬುವ ಮೊದಲೇ, ಅವರು ಪ್ರಭುವಿನಲ್ಲಿ ನಿದ್ರಿಸಿದರು. ವರ್ಷ ತುಂಬುವುದರೊಳಗೆ ಜಗದ್ಗುರು ಒಂಬತ್ತನೆಯ ಗ್ರೆಗೋರಿಯವರು ಅವರನ್ನು ಸಂತರೆಂದು ಸಾರಿದರು. 1946ರಲ್ಲಿ ಅವರು ಧರ್ಮಸಭೆಯ ಪಂಡಿತರೆಂದು ಘೋಷಿತರಾದರು.

ಮಾರಿಕುಪ್ಪದ ನಮಗೆ ಸಾಲವೆಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲೆ, ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರ ಮನೆಗಳಲ್ಲಿ ಬಡ್ಡಿಯ ಲೆಕ್ಕ ಇಂದಿಗೂ ಮುಗಿದಿಲ್ಲ. ಕಳೆದ ವಸ್ತು ಸಿಗಲೆಂದು ಮಂಗಳವಾರ ಮೇಣದಬತ್ತಿ ಹಚ್ಚುವ ನಾವು, ಸಂತರ ಕೈಯ ಪುಸ್ತಕವನ್ನೂ ಒಮ್ಮೆ ನೋಡೋಣ. ಮೇಣದಬತ್ತಿ ಹಚ್ಚುವ ಕೈಯೇ ನೆರೆಯವನಿಂದ ಮೀಟರ್ ಬಡ್ಡಿ ಎಣಿಸಿಕೊಳ್ಳುವ ಕೈಯೂ ಆಗಿದ್ದರೆ, ನಾವು ಸ್ವರೂಪವನ್ನು ಗುರುತಿಸಿದ್ದೇವೆ; ಸಂತರನ್ನು ಇನ್ನೂ ಗುರುತಿಸಿಲ್ಲ.