ಉಕ್ಕಿನ ಆಸರೆಯ ಮೇಲೆ ನಿಂತ ರೂಸ್‌ವೆಲ್ಟರು

ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ತಗಲಿಯೋ, ಚಿಕ್ಕಂದಿನಲ್ಲಿ ಜ್ವರ ಬಂದೋ ಕಾಲುಗಳ ಬಲವನ್ನು ಕಳಕೊಂಡವರು ನಮ್ಮ ಗ್ರಾಮಗಳಲ್ಲಿ ಉಂಟು. ಅಂಥವರನ್ನು ಒಳಕೋಣೆಯಲ್ಲಿ ಕೂಡಿಸಿ, ಬಂದವರ ಕಣ್ಣಿಗೆ ಬೀಳದಂತೆ ಮರೆಮಾಡುವ ಮನೆಗಳೂ ಉಂಟು. ಆಸ್ಪತ್ರೆಯಲ್ಲಿ ಕೊಟ್ಟ ಕ್ಯಾಲಿಪರುಗಳನ್ನು ನಾಚಿಕೆಯ ನಿಮಿತ್ತ ಅಟ್ಟಕ್ಕೆ ಏರಿಸುವವರೂ ಇಲ್ಲದಿಲ್ಲ. ಆದಕಾರಣ ಅದೇ ಆಸರೆಯನ್ನು ಇಪ್ಪತ್ತು ವರುಷಗಳಿಗೆ ಮಿಕ್ಕಿ ಧರಿಸಿ, ಒಂದು ದೊಡ್ಡ ದೇಶದ ಆಡಳಿತವನ್ನು ನಡಿಸಿದವರೊಬ್ಬರ ಚರಿತ್ರೆಯನ್ನು ಈ ತಿಂಗಳಲ್ಲಿ ಸಂಕ್ಷೇಪವಾಗಿ ಹೇಳುವೆವು.

ಫ್ರಾಂಕ್ಲಿನ್ ರೂಸ್‌ವೆಲ್ಟರು 1882ನೆಯ ಇಸವಿ ಜನವರಿ 30ನೆಯ ತಾರೀಖಿನಲ್ಲಿ ಅಮೇರಿಕಾ ದೇಶದ ನ್ಯೂಯಾರ್ಕ್ ಸಂಸ್ಥಾನದ ಹೈಡ್ ಪಾರ್ಕ್ ಎಂಬಲ್ಲಿ ಹುಟ್ಟಿದರು. ಅವರ ಮನೆತನವು ಐಶ್ವರ್ಯವುಳ್ಳದ್ದು. ಅವರು 1905ರಲ್ಲಿ ಎಲಿನೋರ್ ಎಂಬಾಕೆಯನ್ನು ವಿವಾಹವಾಗಿ, 1913ರಿಂದ 1920ರ ವರೆಗೆ ನೌಕಾದಳದ ಇಲಾಖೆಯಲ್ಲಿ ಉನ್ನತ ಅಧಿಕಾರಿಯಾಗಿದ್ದರು. ದೇಹವು ದೃಢ, ನಡಿಗೆಯು ಚುರುಕು. ಈಜುವದೂ ದೋಣಿ ನಡಿಸುವದೂ ಅವರಿಗೆ ಬಹು ಇಷ್ಟ.

1921ರ ಆಗಸ್ಟ್ ತಿಂಗಳಲ್ಲಿ ಅವರು ಕುಟುಂಬಸಮೇತರಾಗಿ ಕೆನಡಾ ದೇಶದ ಕ್ಯಾಂಪೊಬೆಲ್ಲೊ ದ್ವೀಪದಲ್ಲಿದ್ದರು. ಒಂದು ದಿನ ಈಜಿ ಬಂದ ಮೇಲೆ ಚಳಿ ಹಿಡಿದು ಮಲಗಿದರು. ಕೆಲವೇ ದಿನಗಳೊಳಗೆ ಎರಡು ಕಾಲುಗಳೂ ಸ್ವಾಧೀನ ತಪ್ಪಿದವು. ಆಗ ಅವರ ಪ್ರಾಯವು 39 ವರುಷ. ಇದು ಪೋಲಿಯೋ ಎಂದು ಅಂದಿನ ವೈದ್ಯರು ನಿರ್ಣಯಿಸಿದರು. ಬೇರೊಂದು ನರರೋಗವಿದ್ದಿರಬಹುದೆಂದು ಈಚಿನ ಕೆಲವರು ಊಹಿಸಿದ್ದಾರೆ. ಪೋಲಿಯೋ ರೋಗವು ಬೆನ್ನುಹುರಿಯನ್ನು ಹೊಕ್ಕು, ಸ್ನಾಯುಗಳನ್ನು ಆಡಿಸುವ ನರಕಣಗಳನ್ನು ಕೆಡಿಸುತ್ತದೆ. ಹಾಗೆ ಕೆಟ್ಟ ಕಣಗಳು ತಿರಿಗಿ ಹುಟ್ಟುವದಿಲ್ಲ.

ಮಗನು ಇನ್ನು ಹೈಡ್ ಪಾರ್ಕಿನ ಮನೆಯಲ್ಲಿಯೇ ಸುಮ್ಮನೆ ವಿಶ್ರಮಿಸಿಕೊಂಡಿರಲಿ ಎಂಬುದು ತಾಯಿಯ ಇಚ್ಛೆಯಾಗಿತ್ತು. ಆ ಇಚ್ಛೆಯು ಪ್ರೀತಿಯಿಂದ ಹುಟ್ಟಿದ್ದಾದರೂ ಅದಕ್ಕೆ ಸಮ್ಮತಿಸಿದ್ದರೆ ಅವರ ಬಾಳು ಅಲ್ಲಿಗೇ ಮುಗಿಯುತ್ತಿತ್ತು. ಹೆಂಡತಿಯೂ ಲೂಯಿ ಹೌ ಎಂಬ ಸ್ನೇಹಿತರೂ ಅವರನ್ನು ಲೋಕದ ಕಾರ್ಯಗಳಿಗೆ ತಿರಿಗಿ ಎಬ್ಬಿಸಲು ಪಟ್ಟುಹಿಡಿದರು.

1922ರಲ್ಲಿ ಅವರ ಕಾಲುಗಳಿಗೆ ಉಕ್ಕಿನ ಆಸರೆಗಳನ್ನು ಹೊಂದಿಸಲಾಯಿತು. ಕಾಲಿನ ಎರಡು ಪಕ್ಕಗಳಲ್ಲಿ ಉಕ್ಕಿನ ಸಲಾಕೆಗಳು, ಅವುಗಳನ್ನು ಬಿಗಿಯುವ ತೊಗಲಿನ ಪಟ್ಟಿಗಳು, ಕೆಳಗೆ ಬೂಟಿಗೆ ಜೋಡಣೆ, ಮೊಣಕಾಲಿನ ಬಳಿ ಬೀಗವುಳ್ಳ ಕೀಲು, ಇದೇ ಅದರ ರಚನೆ. ನಿಲ್ಲುವಾಗ ಕೀಲನ್ನು ಬಿಗಿದರೆ ಮೊಣಕಾಲು ಮಡಚದೆ ಕಾಲು ಕಂಬದಂತಾಗುವದು. ಕೂತುಕೊಳ್ಳುವಾಗ ಅದನ್ನು ಬಿಡಿಸಬೇಕು. ಆಸರೆಯು ಕಾಲಿಗೆ ಬಲವನ್ನು ಕೊಡಲಾರದು. ಮೈಭಾರವನ್ನು ಹೊರಬಲ್ಲದು, ಅಷ್ಟೇ. ಮುಂದಕ್ಕೆ ಹೆಜ್ಜೆಯಿಡುವ ಕೆಲಸವು ತೋಳು, ಭುಜ, ನಡುಗಳಿಗೆ ಬೀಳುವದು. ಆದದರಿಂದ ರೂಸ್‌ವೆಲ್ಟರು ತೋಳುಗಳ ಬಲವನ್ನು ಬೆಳಿಸಿಕೊಂಡು, ಕಂಕುಳುಗೋಲುಗಳನ್ನು ಊರಿ, ಮನೆಯಿಂದ ಹೆದ್ದಾರಿಗೆ ಹೋಗುವ ಕಾಲು ಮೈಲಿನ ದಾರಿಯಲ್ಲಿ ಬೆವರು ಸುರಿಸುತ್ತಾ ದಿನದಿನವೂ ಅಭ್ಯಾಸಮಾಡಿದರು.

1924ರ ಜೂನ್ 26ರಂದು ನ್ಯೂಯಾರ್ಕಿನಲ್ಲಿ ಅವರ ಪಕ್ಷದ ಮಹಾಸಭೆಯು ಕೂಡಿತ್ತು. ಹದಿನಾರು ವರುಷದ ಹಿರಿಯ ಮಗನಾದ ಜೇಮ್ಸನ ತೋಳನ್ನು ಹಿಡಿದು ವೇದಿಕೆಯ ಸಮೀಪಕ್ಕೆ ಬಂದು, ಅಲ್ಲಿಂದ ಕಂಕುಳುಗೋಲುಗಳ ಮೇಲೆ ಒಬ್ಬರೇ ನಡೆದು ಹೋಗಿ ಭಾಷಣಪೀಠವನ್ನು ಹಿಡಿದುಕೊಂಡು ನಿಂತರು. ಸಭೆಯು ಹರ್ಷಧ್ವನಿ ಮಾಡಿತು. ಅದೇ ವರುಷ ಅವರು ಜಾರ್ಜಿಯಾ ಸಂಸ್ಥಾನದ ವಾರ್ಮ್ ಸ್ಪ್ರಿಂಗ್ಸ್ ಎಂಬ ಬಿಸಿನೀರಿನ ಊಟೆಯಿರುವ ಸ್ಥಳಕ್ಕೆ ಹೋದರು. ನೀರು ಮೈಭಾರವನ್ನು ಹೊತ್ತದ್ದರಿಂದ ಅದರಲ್ಲಿ ನಿಲ್ಲುವದು ಸುಲಭವಾಯಿತು. 1926ರಲ್ಲಿ ತಮ್ಮ ಆಸ್ತಿಯ ದೊಡ್ಡ ಪಾಲನ್ನು ವೆಚ್ಚಮಾಡಿ ಆ ಸ್ಥಳವನ್ನು ಕೊಂಡು, ತಮ್ಮಂಥ ರೋಗಿಗಳಿಗೆ ಚಿಕಿತ್ಸಾಲಯವನ್ನಾಗಿ ಮಾಡಿದರು.

1928ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಗವರ್ನರರಾಗಿ ಚುನಾಯಿತರಾದ ಅವರು 1933ರ ಮಾರ್ಚ್ 4ರಂದು ಜೇಮ್ಸನ ತೋಳಿನ ಆಸರೆಯಿಂದಲೇ ನಡೆದು ಬಂದು ರಾಷ್ಟ್ರಾಧ್ಯಕ್ಷರಾಗಿ ಪ್ರಮಾಣವಚನ ಮಾಡಿದರು. ಆ ಪದವಿಗೆ ನಾಲ್ಕು ಸಾರಿ ಚುನಾಯಿತರಾದವರು ಅವರೊಬ್ಬರೇ.

ಆದರೆ ಅವರ ಜೀವಮಾನದ ಇನ್ನೊಂದು ಸಂಗತಿಯನ್ನು ನಾವು ಮುಚ್ಚಿಡಬಾರದು. ಅವರು ತಮ್ಮ ಬಲಹೀನತೆಯನ್ನು ಜನರ ಕಣ್ಣಿಗೆ ಮರೆಮಾಡಿದರು. ಕಾಣದಿರುವಂತೆ ಆಸರೆಗೆ ಕಪ್ಪು ಬಣ್ಣ ಬಳಿಸಿದರು. ತಮ್ಮನ್ನು ಎತ್ತುವಾಗ ಚಿತ್ರ ತೆಗೆಯಬಾರದೆಂದು ಪತ್ರಿಕೆಯವರಿಗೆ ಸೂಚನೆಯಿತ್ತು. ಕುಂಟನೆಂದು ತಿಳಿದರೆ ಜನರು ತಳ್ಳಿಬಿಡುವರೆಂಬ ಭಯವು ಆ ಕಾಲದಲ್ಲಿ ನಿರಾಧಾರವಾದದ್ದಲ್ಲ. 1936ರ ಜೂನ್ 27ರಂದು ಫಿಲಡೆಲ್ಫಿಯಾ ಪಟ್ಟಣದಲ್ಲಿ ಜನಸಮೂಹದ ನಡುವೆ ನಡೆಯುತ್ತಿರುವಾಗ ಮೊಣಕಾಲಿನ ಬೀಗವು ಬಿಚ್ಚಿ ಅವರು ಕೆಳಕ್ಕೆ ಬಿದ್ದರು. ಭಾಷಣದ ಹಾಳೆಗಳೂ ಚದರಿದವು. ಸಂಗಡಿಗರು ಎತ್ತಿ, ಕೀಲನ್ನು ಬಿಗಿದು, ಮಣ್ಣನ್ನು ಒರಸಿದರು. ಅವರು ನಡೆದು ಹೋಗಿ ಭಾಷಣಮಾಡಿದರು.

ಕಡೆಗೆ 1945ರ ಮಾರ್ಚ್ 1ರಂದು, ದೇಹವು ಬಹಳವಾಗಿ ಬಳಲಿದ್ದಾಗ, ಅವರು ದೇಶದ ಮಹಾಸಭೆಯ ಮುಂದೆ ಕುಳಿತೇ ಮಾತಾಡಿದರು. ಕಾಲುಗಳ ಸುತ್ತ ಸುಮಾರು ಹತ್ತು ಪೌಂಡು ಉಕ್ಕನ್ನು ಹೊರದೆ ಕುಳಿತಿರುವದು ಸುಲಭವೆಂದು ಹೇಳಿ, ಸಭೆಯವರ ಕ್ಷಮೆಯನ್ನು ಬೇಡಿದರು. ಅಷ್ಟು ವರುಷ ಮರೆಯಲ್ಲಿಟ್ಟದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಿದ್ದರಿಂದ ಯಾರೂ ಅವರನ್ನು ಹೀನೈಸಲಿಲ್ಲ. ಆ ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸಿನಲ್ಲಿಯೇ 63ನೆಯ ವಯಸ್ಸಿನಲ್ಲಿ ತೀರಿಹೋದರು. 1938ರಲ್ಲಿ ಅವರು ಸ್ಥಾಪಿಸಿದ ಸಂಸ್ಥೆಯ ಸಹಾಯದಿಂದ ಸಿದ್ಧವಾದ ಪೋಲಿಯೋ ಲಸಿಕೆಯು ಫಲಕಾರಿಯೆಂಬ ವಾರ್ತೆಯು 1955ರಲ್ಲಿ, ಅವರು ತೀರಿಹೋದ ದಿನವೇ ಪ್ರಕಟವಾಯಿತು. 2014ರಲ್ಲಿ ನಮ್ಮ ಭಾರತವೂ ಪೋಲಿಯೋಮುಕ್ತವೆನಿಸಿತು. ವಾಷಿಂಗ್ಟನ್ನಿನಲ್ಲಿರುವ ಅವರ ಸ್ಮಾರಕದಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತಿರುವ ಅವರ ಪ್ರತಿಮೆಯನ್ನು 2001ರಲ್ಲಿ ಎಲ್ಲರ ಕಣ್ಮುಂದೆ ಇಟ್ಟಿದ್ದಾರೆ.

ಪ್ರಿಯರೇ, ಅವರ ಕಾಲುಗಳಿಗೆ ಬಲವು ತಿರಿಗಿ ಬರಲಿಲ್ಲ; ಬಾಳು ಮಾತ್ರ ತಿರಿಗಿ ಬಂತು. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಅಟ್ಟದ ಮೇಲಿನ ಕ್ಯಾಲಿಪರನ್ನು ಇಳಿಸಿ ವೈದ್ಯರಿಗೆ ತೋರಿಸಿರಿ. ಬೆನ್ನುಹುರಿಗೆ ಪೆಟ್ಟು ತಗಲಿದವರಿಗೆ ಚರ್ಮದಲ್ಲಿ ಸ್ಪರ್ಶಜ್ಞಾನವಿಲ್ಲದಿರಬಹುದು. ಆದದರಿಂದ ಪಟ್ಟಿಯ ಕೆಳಗೆ ಕೆಂಪು ಗುರುತು ಬಿದ್ದಿದೆಯೋ ಎಂದು ದಿನವೂ ನೋಡಿರಿ. ಕ್ಯಾಲಿಪರು ಒಗ್ಗದವರಿಗೆ ಗಾಲಿಕುರ್ಚಿಯಾದರೂ ಆದೀತು. ಅದರಲ್ಲಿ ಸೋಲೇನೂ ಇಲ್ಲ. ಉಕ್ಕಿನ ಸಂಗಡ ಒಂದು ತೋಳೂ ಬೇಕೆಂಬುದನ್ನು ಜೇಮ್ಸನು ತೋರಿಸಿದನು. ಆ ತೋಳು ನಿಮ್ಮದಾಗಲಿ.